ಅಕ್ಕ ಹೇಳದೆ ಬಿಟ್ಟ ನಗು

ತೆರೆಯ ಮೇಲೆ ಹೆಸರುಗಳು ಬಂದು ಮುಗಿಯುವ ಮೊದಲೇ ಅಕ್ಕನಿಗೆ ಆ ಸಿನಿಮಾದ ಮೇಲೆ ಹಗೆ ಹುಟ್ಟಿಬಿಟ್ಟಿತ್ತು. ಎಲ್ಲಿ ನೋಡಿದರೂ ಹಳದಿ ಬಲೂನು, ಹಿನ್ನೆಲೆಯಲ್ಲಿ ಶಿಳ್ಳೆ ಹೊಡೆಯುವ ಸಂಗೀತ, ಕಾರಣವಿಲ್ಲದೆ ಹಲ್ಲು ಕಿರಿಯುತ್ತ ಓಡಾಡುವ ಜನರ ಒಂದು ಬೀದಿ. ಆ ಬೀದಿಯಲ್ಲಿ ಯಾರಿಗೂ ಕೆಲಸಕ್ಕೆ ಹೊತ್ತಾಗುವುದಿಲ್ಲ, ಯಾರ ಮನೆಯ ನಲ್ಲಿಯೂ ಸೋರುವುದಿಲ್ಲ, ಯಾರಿಗೂ ಹಲ್ಲುನೋವಿಲ್ಲ. ಪ್ರೀತಿ ಮಾಡುವುದೊಂದೇ ಇವರಿಗೆಲ್ಲ ಉದ್ಯೋಗವಾಗಿರಬೇಕು ಎಂದು ಅವಳು ಮೂಗು ಮುರಿದಳು. ಮುರಿದ ಮೂಗಿನಲ್ಲೇ ಕೊನೆಯವರೆಗೂ ಕೂತು ನೋಡಿದಳು, ಏಕೆಂದರೆ ಅದು ಅವಳ ಹೊಟ್ಟೆಪಾಡು.

ಅಕ್ಕನ ಕೆಲಸ ಸಿನಿಮಾ ಹೇಳುವುದು. ಕಣ್ಣು ಕಾಣದವರು ಚಿತ್ರಮಂದಿರಕ್ಕೆ ಬಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ, ಪಾತ್ರಗಳ ಮಾತು ನಿಂತ ಸಂದುಗಳಲ್ಲಿ ತೆರೆಯ ಮೇಲೆ ಏನಾಗುತ್ತಿದೆ ಎಂದು ಒಂದು ದನಿ ಹೇಳುತ್ತ ಹೋಗುತ್ತದೆ. ಆ ದನಿ ಅವಳದು, ಆ ಸಾಲುಗಳನ್ನು ಬರೆಯುವವಳೂ ಅವಳೇ. ಸಂದು ಎಷ್ಟಿದೆಯೋ ಅಷ್ಟರಲ್ಲೇ ಸಾಲು ಕೂರಬೇಕು. ಒಂದು ಪದ ಹೆಚ್ಚಾದರೂ ನಾಯಕನ ಮಾತಿನ ಮೇಲೆ ಹತ್ತಿ ಕೂರುತ್ತದೆ. ಇನ್ನೊಂದು ಕಟ್ಟಳೆ ಅದಕ್ಕಿಂತ ದೊಡ್ಡದು: ಕಂಡದ್ದನ್ನು ಹೇಳಬೇಕು, ಕಂಡದ್ದರ ಬಗ್ಗೆ ನಿನ್ನ ಅಭಿಪ್ರಾಯ ಹೇಳಬಾರದು. 'ಅವನು ಮತ್ತೆ ಬಾಗಿಲು ತಟ್ಟುತ್ತಾನೆ' ಎನ್ನಬಹುದು, 'ಮಾನಗೆಟ್ಟವನು ಮತ್ತೆ ಬಂದ' ಎನ್ನುವಂತಿಲ್ಲ. ನಾಲಿಗೆ ಎಷ್ಟೇ ತುರಿಸಿದರೂ ಅಕ್ಕ ಈ ಕಟ್ಟಳೆಯನ್ನು ಮೀರಿದವಳಲ್ಲ, ಅದಕ್ಕೇ ಅವಳು ದನಿ ಕೊಡುವ ಸ್ಟುಡಿಯೋದಲ್ಲಿ ಅವಳ ಮಾತಿಗೆ ತೂಕವಿತ್ತು.

ಸಿನಿಮಾದ ಕಥೆ ಇಷ್ಟೇ. ನಾಯಕಿ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ನಾಯಕ ಹೊಟ್ಟೆಪಾಡಿಗೆ ಲಾರಿ ಓಡಿಸುವವನು; ಅವಳನ್ನು ಒಮ್ಮೆ ನೋಡಿ ಮರುಳಾಗಿ, ಸ್ಟೀರಿಂಗ್ ಯಾವುದು ಸ್ಟೆಪ್ನಿ ಯಾವುದು ತಿಳಿಯದ ದಡ್ಡನ ಹಾಗೆ ಬಂದು ಅವಳ ಸ್ಕೂಲಿಗೆ ಸೇರುತ್ತಾನೆ. ಕಲಿತುಬಿಟ್ಟರೆ ಬರುವ ನೆಪ ತಪ್ಪಿಹೋಗುತ್ತದಲ್ಲ, ಅದಕ್ಕೆ ಲೈಸೆನ್ಸಿನ ಪರೀಕ್ಷೆಯಲ್ಲಿ ಬೇಕೆಂದೇ ಫೇಲಾಗುತ್ತಾನೆ. ಹಿಂದಿನ ಸೀಟಿನಲ್ಲಿ ನಾಯಕಿಯ ಅಪ್ಪ ಕಾವಲಿಗೆಂದು ಕೂತು ಗೊರಕೆ ಹೊಡೆಯುತ್ತಿರುತ್ತಾನೆ. ಇಂಥ ದಡ್ಡರನ್ನು ತಯಾರು ಮಾಡುವ ಸ್ಕೂಲು ಎಂದು ಊರಲ್ಲೆಲ್ಲ ಅವಳ ಸ್ಕೂಲಿನ ಹೆಸರು ಕೆಡುತ್ತದೆ, ಅವನು ಓಡಿಸುತ್ತಿದ್ದ ಲಾರಿ ಒಂದು ದಿನ ಅವಳ ಎದುರಿಗೇ ಬರುತ್ತದೆ, ಅವಳು ಕೆಂಡಾಮಂಡಲವಾಗುತ್ತಾಳೆ. ಅವನು ನಡುರಸ್ತೆಯಲ್ಲಿ ಮಂಡಿಯೂರುತ್ತಾನೆ, ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ನಿಂತ ವಾಹನಗಳೆಲ್ಲ ಹಾರ್ನ್ ಹೊಡೆದು ಹರಸುತ್ತವೆ.

"ಹೇಗಿದೆ?" ಎಂದು ಸ್ಟುಡಿಯೋದ ಯಜಮಾನಿ ಕೇಳಿದಳು. ತಲೆ ಪೂರಾ ನೆರೆತ, ಮಾತಿಗಿಂತ ಕೆಮ್ಮು ಹೆಚ್ಚಿರುವ ಹೆಂಗಸು.

"ಸಕ್ಕರೆ ಡಬ್ಬದೊಳಗೆ ಬಿದ್ದು ಎದ್ದ ಹಾಗಿದೆ. ಮೈಯೆಲ್ಲ ಅಂಟು."

"ಅಷ್ಟೇನಾ? ಒಳ್ಳೇದು ಏನೂ ಇಲ್ವಾ?"

ಹಗೆಯಿದ್ದರೂ ಅಕ್ಕ ಕೆಲಸದ ವಿಷಯದಲ್ಲಿ ಸುಳ್ಳಾಡುವವಳಲ್ಲ. "ಇದೆ. ಕಾರಿನೊಳಗಿನ ಪಾಠಗಳು ಚೆನ್ನಾಗಿವೆ. ಇಬ್ಬರೂ ಗೇರು, ಬ್ರೇಕು ಬಿಟ್ಟು ಇನ್ನೇನೂ ಮಾತಾಡಲ್ಲ, ಆದ್ರೂ ಏನು ನಡೀತಿದೆ ಅಂತ ಗೊತ್ತಾಗತ್ತೆ. ಆ ಅಪ್ಪನ ಗೊರಕೆಗೆ ನಾನೇ ನಕ್ಕುಬಿಟ್ಟೆ. ಆದ್ರೆ ಹೀರೋನ ಸ್ನೇಹಿತ ಅಂತ ಒಬ್ಬ ಇದಾನಲ್ಲ, ಅವನು ಬಾಯಿ ತೆಗೆದ್ರೆ ಎದ್ದು ಹೋಗೋಣ ಅನ್ಸತ್ತೆ. ಅವಳನ್ನ ನೋಡೋಕೆ ಬರೋ ಇನ್ನೊಬ್ಬ ಗಂಡು, ಅದು ಮನುಷ್ಯನೇ ಅಲ್ಲ, ರಟ್ಟು. ಬೇಡ ಅನ್ನೋಕೆ ಅವಳಿಗೆ ಕಷ್ಟ ಆಗಬಾರದು ಅಂತ ಹಾಗೆ ಕತ್ತರಿಸಿ ನಿಲ್ಲಿಸಿದಾರೆ. ಇನ್ನು ಕೊನೆ... ಬಾಳೆಹಣ್ಣು ಸುಲಿಯೋಷ್ಟು ಹೊತ್ತಲ್ಲಿ ಕ್ಷಮಿಸಿಬಿಡ್ತಾಳೆ. ಉಪ್ಪು ಖಾರ ತಿನ್ನೋ ಯಾವ ಹೆಂಗಸು ಹಾಗೆ ಕ್ಷಮಿಸ್ತಾಳೆ ಹೇಳಿ?"

"ಕಿಟಕಿಯ ನಗು ನೋಡಿದೆ ತಾನೆ?"

"ನೋಡಿದೆ," ಎಂದಳು ಅಕ್ಕ, ಮನಸ್ಸಿಲ್ಲದ ಮನಸ್ಸಿನಿಂದ.

ಕಿಟಕಿಯ ನಗು ಎಂದರೆ ಇದು. ಎರಡನೆಯ ಪಾಠದಲ್ಲಿ ನಾಯಕಿ 'ಕ್ಲಚ್' ಎನ್ನಲು ಬಾಯಿ ತೆಗೆಯುತ್ತಾಳೆ. ಅಷ್ಟರಲ್ಲೇ ಅವನ ಪಾದ ಕ್ಲಚ್ಚಿನ ಮೇಲೆ, ವರ್ಷಗಟ್ಟಲೆ ಪಳಗಿದ ಪಾದದಂತೆ, ಮೆತ್ತಗೆ ಹೋಗಿ ಕೂತಿರುತ್ತದೆ. ಅವಳು ಅದನ್ನು ನೋಡುತ್ತಾಳೆ. ಮುಖವನ್ನು ತನ್ನ ಪಕ್ಕದ ಕಿಟಕಿಯ ಕಡೆ ತಿರುಗಿಸಿ, ಅವನಿಗೆ ಕಾಣದ ಹಾಗೆ ನಗುತ್ತಾಳೆ. ಮತ್ತೆ ಈ ಕಡೆ ತಿರುಗಿ, ಏನೂ ಅರಿಯದವಳಂತೆ, 'ಕ್ಲಚ್ ಒತ್ತಿ' ಎನ್ನುತ್ತಾಳೆ. ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಆದರೆ ಅವಳಿಗೆ ಅವನ ಸುಳ್ಳು ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೇ ಅವನನ್ನು ಆಡಲು ಬಿಟ್ಟಳು ಎಂದು ನೋಡುವವರಿಗೆ ತಿಳಿಯುವುದು ಅದೊಂದೇ ಕಡೆ.

"ಆ ನಗು ಇದೆ ಅಂತಲೇ ಆ ಸಿನಿಮಾ ನಿಂತಿದೆ," ಎಂದು ಯಜಮಾನಿ ಕೆಮ್ಮಿದಳು. "ಅದಿದ್ರೆ ಅವಳು ಸಿಟ್ಟಾಗೋದು ಸ್ಕೂಲಿನ ಹೆಸರು ಕೆಡಿಸಿದ್ದಕ್ಕೆ, ಸುಳ್ಳಿಗಲ್ಲ. ಅದಿಲ್ಲದಿದ್ರೆ ಅವಳು ಬರೀ ಪೆದ್ದಿ."

ಅಕ್ಕ ತಲೆಯಾಡಿಸಿ ಮನೆಗೆ ಹೊರಟಳು. ಮನೆಯಲ್ಲಿ ಅವಳಿಗಾಗಿ ಇನ್ನೊಂದು ಪ್ರೇಮಕಥೆ ಕಾದಿತ್ತು, ಮತ್ತು ಅದರ ಮೇಲೆ ಅವಳಿಗಿದ್ದ ಹಗೆಯ ಮುಂದೆ ಈ ಸಿನಿಮಾದ ಮೇಲಿನದು ಏನೇನೂ ಅಲ್ಲ.

ಅವಳ ತಂಗಿ ಹಸುಗೂಸಾಗಿದ್ದಾಗಲೇ ಜ್ವರ ಬಂದು ಕಣ್ಣು ಕಳೆದುಕೊಂಡಿದ್ದಳು. "ಏನಾಗ್ತಿದೆ ಅಂತ ಹೇಳೇ ಅವಳಿಗೆ," ಎಂದು ಅಮ್ಮ ಸೌಟು ಹಿಡಿದುಕೊಂಡೇ ಕೂಗುತ್ತಿದ್ದಳು, ಅಕ್ಕ ಹೇಳುತ್ತಿದ್ದಳು. ಮನೆಗೆ ಬಂದ ಅತ್ತೆಯ ಮುಖ ಹೇಗೆ ಊದಿಕೊಂಡಿದೆ, ಎದುರು ಮನೆಯ ಬೆಕ್ಕು ಯಾವ ಗೋಡೆಯ ಮೇಲಿದೆ, ಪಾಠ ಹೇಳುವ ಮೇಷ್ಟ್ರು ಮೂಗಿನಲ್ಲಿ ಬೆರಳಿಟ್ಟಿದ್ದಾರೋ ಇಲ್ಲವೋ, ಎಲ್ಲವನ್ನೂ. ಅಮ್ಮ ತೀರಿಹೋದ ಮೇಲೂ ಅದು ನಿಲ್ಲಲಿಲ್ಲ. ತಂಗಿ ಬೆಳೆದು, ಓದಿ, ಆಸ್ಪತ್ರೆಯಲ್ಲಿ ಕೈಕಾಲು ಹಿಡಿದುಕೊಂಡವರನ್ನು ಪಳಗಿಸಿ ನಡೆಸುವ ಫಿಸಿಯೋಥೆರಪಿಯವಳಾದಳು. ಕೋಲು ಹಿಡಿದು ಒಬ್ಬಳೇ ಬಸ್ಸು ಹತ್ತಿ ಇಳಿದಳು. ತನ್ನ ಸಂಬಳ ತಾನು ದುಡಿದಳು. ಆದರೂ ಲೋಕದ ಬಣ್ಣ, ಜನರ ಮೋರೆ, ತೆರೆಯ ಮೇಲಿನ ಕಥೆ ಎಲ್ಲ ಅವಳೊಳಗೆ ಹೋದದ್ದು ಅಕ್ಕನ ಬಾಯಿಯಿಂದಲೇ. ಅಕ್ಕನಿಗೆ ಇದು ಕೆಲಸವಾಗುವ ಮೊದಲು ಬದುಕಾಗಿತ್ತು, ಅದನ್ನು ಯಾರಾದರೂ ಕಸಿದಾರು ಎಂದು ಅವಳು ಎಂದೂ ಎಣಿಸಿರಲಿಲ್ಲ.

ಕಸಿಯಲು ಬಂದವನು ಕನ್ನಡಕದ ಅಂಗಡಿಯವನು. ಆಸ್ಪತ್ರೆಯ ಬೀದಿಯ ತಿರುವಿನಲ್ಲಿ ಅವನ ಅಂಗಡಿ. ಭುಜ ಹಿಡಿದುಕೊಂಡು ಕೈ ಮೇಲಕ್ಕೇಳುವುದಿಲ್ಲ ಎಂದು ತಂಗಿಯ ಹತ್ತಿರ ಬಂದವನು, ಆಮೇಲೆ ಬರುತ್ತಲೇ ಇದ್ದ. ಈಚೆಗೆ ಬೇಕರಿಯ ಬನ್ನು ಕಟ್ಟಿಸಿಕೊಂಡು ಮನೆಗೂ ಬರತೊಡಗಿದ್ದ. "ಕಣ್ಣಿಲ್ಲದವಳ ಹಿಂದೆ ಕನ್ನಡಕ ಮಾರುವವನು! ಸಿನಿಮಾದವರೂ ಇಷ್ಟು ಕೆಟ್ಟದಾಗಿ ಬರೆಯಲ್ಲ," ಎಂದು ಅಕ್ಕ ಅವನಿಗೆ 'ಕನ್ನಡಕ' ಎಂದೇ ಹೆಸರಿಟ್ಟಳು. ಅವನ ಕಿವಿ ಅಗಲ, ನಗು ಅದಕ್ಕಿಂತ ಅಗಲ. ಬಂದವನು ಕೂತಲ್ಲಿ ಕೂರುವುದಿಲ್ಲ, ಏನಾದರೊಂದು ಬೀಳಿಸುತ್ತಾನೆ, ಬೀಳಿಸಿದ್ದಕ್ಕೆ ತಾನೇ ನಗುತ್ತಾನೆ, ತಂಗಿಯೂ ನಗುತ್ತಾಳೆ. ಆ ನಗು ಕೇಳಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಲ್ಬು ಕೆಟ್ಟಿತು. ಅಕ್ಕ ಸ್ಟೂಲು ತರುವಷ್ಟರಲ್ಲಿ ಕನ್ನಡಕದವನು ಅದನ್ನು ಕಸಿದುಕೊಂಡು ಮೇಲೆ ಹತ್ತಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಸಲೀಸಾಗಿ ಬಲ್ಬು ತಿರುವತೊಡಗಿದ. ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನಿಮ್ಮ ಭುಜ ಮೇಲಕ್ಕೇಳಲ್ಲ ಅಂದ್ರಲ್ಲ?"

ಬಲಗೈ ಗುಂಡು ತಗುಲಿದ ಹಕ್ಕಿಯ ಹಾಗೆ ಕೆಳಗೆ ಬಿತ್ತು. "ಆಗಾಗ... ಏಳತ್ತೆ," ಎಂದು ತಡವರಿಸಿದ ಆಸಾಮಿ, ಕಿವಿಯ ತುದಿಯವರೆಗೂ ಕೆಂಪಾದ. ಅಕ್ಕನಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಅವನು ಹೊಸ್ತಿಲು ದಾಟುವುದನ್ನೇ ಕಾದಿದ್ದು, ತಂಗಿಯ ಮುಂದೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು.

ತಂಗಿ ಬನ್ನು ತಿನ್ನುತ್ತಲೇ ಇದ್ದಳು. "ಅದು ನಂಗೊತ್ತು."

"ಏನು ಗೊತ್ತು?"

"ಅವನ ಭುಜ ಸರಿಹೋಗಿ ಎಷ್ಟೋ ಕಾಲ ಆಯ್ತು. ನೋವಿರೋ ಕಡೆ ಕೈ ಇಟ್ರೆ ಯಾರಿಗಾದ್ರೂ ಉಸಿರು ನಿಲ್ಲತ್ತೆ. ಅವನು ಬೆಕ್ಕಿನ ಕಥೆ ಹೇಳ್ತಾ ಇರ್ತಾನೆ. ನನ್ನ ಕೈಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ಬರೋದು ನಿಲ್ಲಿಸ್ತಿದ್ದ." ತಂಗಿ ಮಡಿಲಿನ ಚೂರುಗಳನ್ನು ಕೊಡವಿದಳು. "ಮದುವೆ ಆಗೋಣ ಅಂತ ಕೇಳಿದಾನೆ. ತಿಂಗಳ ಕೊನೇಲಿ ಹೇಳ್ತೀನಿ ಅಂದಿದೀನಿ. ನಿನ್ನನ್ನ ಕೇಳದೆ ಹೇಗೆ ಹೇಳ್ಲಿ?"

"ಅವನು ಸುಳ್ಳ," ಎಂದಳು ಅಕ್ಕ.

"ಒಂದೇ ಒಂದು ಸುಳ್ಳು ಹೇಳಿದಾನೆ. ಅದೂ ಚೆನ್ನಾಗಿ ಹೇಳಕ್ಕೆ ಬರಲ್ಲ."

"ಗೊತ್ತಿತ್ತು ಅಂತ ನೀನು ಈಗ ಹೇಳ್ತಿದೀಯ. ಮೋಸ ಹೋದವರೆಲ್ಲ ಆಮೇಲೆ ಹಾಗೇ ಹೇಳೋದು."

ಅಕ್ಕ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಅವಳು ಹೋಗಿಬಿಟ್ಟರೆ ಈ ಮನೆಯಲ್ಲಿ ನಾನು ಯಾರಿಗೆ ಏನು ಹೇಳಲಿ ಎಂಬ ಹೆದರಿಕೆ ಅವಳನ್ನು ಹಿಡಿದಿತ್ತು. ಆದರೆ ಹೆದರಿಕೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ತಂಗಿಯ ಒಳ್ಳೆಯದಕ್ಕೇ ಮರುಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನದಿಂದ ಅವಳು ಆ ಸಿನಿಮಾದ ಸಾಲುಗಳನ್ನು ಬರೆಯಲು ಕೂತಳು. ಒಂದು ನಿಯಮವನ್ನೂ ಮುರಿಯಲಿಲ್ಲ, ನೋಡಿ. ಅಲ್ಲೇ ಇರುವುದು ಅವಳ ಜಾಣತನ. ನಾಯಕ ನಕ್ಕಾಗ 'ಹಲ್ಲು ತೋರಿಸುತ್ತಾನೆ' ಎಂದು ಬರೆದಳು. ತೋರಿಸಿದ್ದು ಹಲ್ಲೇ ತಾನೆ? ಅವನು ಸ್ಕೂಲಿನ ಬಾಗಿಲಲ್ಲಿ ಕಾಯುವಾಗ 'ಕಂಬದ ಹಿಂದೆ ನಿಂತಿದ್ದಾನೆ' ಎಂದಳು. ಕಂಬ ಇದ್ದದ್ದು ನಿಜ. ಅವನು ಹೂವು ಹಿಡಿದು ತೊದಲುವ ಹೊತ್ತಿಗೆ ಹೂವನ್ನು ಬಿಟ್ಟು, ಅವನ ಕಣ್ಣು ಅತ್ತಿತ್ತ ಓಡುವುದನ್ನು ಹೇಳಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಾಯಕನ ಒಳ್ಳೆಯತನವನ್ನೆಲ್ಲ ತೆಗೆದು ಪಕ್ಕಕ್ಕಿಟ್ಟಳು. ಹಾಗೆ ಬರೆಯುತ್ತ ಎರಡನೆಯ ಪಾಠಕ್ಕೆ ಬಂದಳು.

ಕಿಟಕಿಯ ನಗುವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ತೆರೆಯ ಮೇಲಿನ ಆ ಹುಡುಗಿಯ ಮುಖದಲ್ಲಿ ತಂಗಿಯ 'ಅದು ನಂಗೊತ್ತು' ಕಾಣುತ್ತಿತ್ತು. ಸಂದು ಚಿಕ್ಕದೇ, ಆದರೆ ಎರಡು ಪುಟ್ಟ ವಾಕ್ಯಕ್ಕೆ ಧಾರಾಳ ಸಾಲುತ್ತಿತ್ತು. ಅಕ್ಕ ಅಲ್ಲಿ ಬರೆದದ್ದು ಇದನ್ನು: 'ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ಎದೆಗೆ ಬಾಗಿದೆ. ಅವನ ಕೈ ಗೇರಿನ ಮೇಲಿದೆ.' ಅಪ್ಪನ ತಲೆ ಬಾಗಿತ್ತು, ನಾಯಕನ ಕೈ ಗೇರಿನ ಮೇಲಿತ್ತು. ಒಂದು ಅಕ್ಷರವೂ ಸುಳ್ಳಲ್ಲ.

ದನಿ ಕೊಡುವ ಕೋಣೆಯ ಗಾಜಿನಾಚೆ ಕೂತ ಯಜಮಾನಿ ಅಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. "ನಗು ಎಲ್ಲಿ?"

"ಜಾಗ ಸಾಲಲ್ಲ. ಮುಂದಿನ ಮಾತಿನ ಮೇಲೆ ಬೀಳತ್ತೆ."

"ನೋಡಿದ್ಯಾ ಸರಿಯಾಗಿ?"

"ಎಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ನಾನು?"

ಯಜಮಾನಿ ಅವಳನ್ನು ನಂಬಿದಳು. ಅಕ್ಕ ಬೆಚ್ಚಗಿನ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತನ್ನ ತಣ್ಣನೆಯ ದನಿಯಲ್ಲಿ ಓದುತ್ತ ಹೋದಳು.

ಕಣ್ಣು ಕಾಣದವರಿಗಾಗಿ ಇಟ್ಟ ಮಧ್ಯಾಹ್ನದ ಆಟಕ್ಕೆ ತಂಗಿ ತನ್ನ ಗೆಳತಿಯರ ಜೊತೆ ಹೋದಳು. ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಸಿನಿಮಾ ನೋಡದೆ ತಂಗಿಯ ಕುತ್ತಿಗೆಯನ್ನೇ ನೋಡಿದಳು. ಮೊದಮೊದಲು ಆ ಕುತ್ತಿಗೆ ನಗುವಿಗೆ ಅಲುಗುತ್ತಿತ್ತು. ಅಪ್ಪನ ಗೊರಕೆಗೆ ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಲಾರಿ ಎದುರಿಗೆ ಬರುವ ಹೊತ್ತಿಗೆ ತಂಗಿ ಸುಮ್ಮನಾಗಿದ್ದಳು, ಕ್ಷಮೆಯ ಹಾರ್ನುಗಳು ಮೊಳಗುವಾಗ ಕಿವಿಯಿಂದ ಇಯರ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

"ಥೂ, ಎಂಥಾ ಪೆದ್ದಿ ಅವಳು," ಎಂದಳು ಹೊರಗೆ ಬಂದು. "ಊರಿಗೆಲ್ಲ ಡ್ರೈವಿಂಗ್ ಕಲಿಸ್ತಾಳಂತೆ, ಪಕ್ಕದಲ್ಲಿ ಕೂತವನಿಗೆ ಬರತ್ತೆ ಅಂತ ಗೊತ್ತಾಗಲ್ವಂತೆ. ಆಮೇಲೆ ಅವನು ಅತ್ತ ತಕ್ಷಣ ಆಯ್ತು ಬಾ ಅಂತಾಳೆ. ನಾಚಿಕೆ ಆಯ್ತು ನಂಗೆ."

"ಸಿನಿಮಾ ತಾನೆ," ಎಂದಳು ಅಕ್ಕ.

"ನಾನೂ ಹಾಗೇ ಕಾಣ್ತೀನಾ ಅಕ್ಕಾ? ನೋಡೋವ್ರಿಗೆ?"

"ಸ್ವಲ್ಪ," ಎಂದಳು ಅಕ್ಕ.

ಆ ವಾರ ಬನ್ನಿನ ಪೊಟ್ಟಣ ಮನೆಗೆ ಬರಲಿಲ್ಲ. ಸ್ವಲ್ಪ ದಿನ ಬರಬೇಡ ಎಂದು ತಂಗಿ ಅವನಿಗೆ ಹೇಳಿದ್ದಳು. ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು, ಅದನ್ನು ಮುಚ್ಚಿಡುವುದೇನು ಬಂತು? ಬೇಳೆಗೆ ಒಗ್ಗರಣೆ ಹಾಕುತ್ತ ಹಾಡು ಗುನುಗಿದಳು, ತಂಗಿಗೆ ಎದುರು ಮನೆಯವರ ಹೊಸ ಪರದೆಯ ಬಣ್ಣ ಹೇಳಿದಳು, ಬೀದಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಹಿಡಿದು ಬಣ್ಣಿಸಿದಳು. ತಂಗಿ ಹೂಂಗುಟ್ಟುತ್ತಿದ್ದಳು. ಮೊದಲಿನಷ್ಟು ಪ್ರಶ್ನೆ ಕೇಳುತ್ತಿರಲಿಲ್ಲ, ಅದೊಂದೇ ಕೊರತೆ.

ಮುಂದಿನ ಭಾನುವಾರ ಅಕ್ಕ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ತಂಗಿ ಹೊರಗಿನಿಂದ ಬಂದು, ಕೋಲು ಮಡಿಸಿ, ಎದುರಿನ ಕುರ್ಚಿಯಲ್ಲಿ ಕೂತಳು.

"ಅಕ್ಕಾ, ಆ ಸಿನಿಮಾದಲ್ಲಿ ಎರಡನೇ ಪಾಠ ಇದೆಯಲ್ಲ, ಅದನ್ನ ಇನ್ನೊಂದ್ಸಲ ಹೇಳ್ತೀಯಾ?"

"ಅದರಲ್ಲೇನಿದೆ? ಇಬ್ಬರೂ ಕಾರಲ್ಲಿ ಕೂತಿದಾರೆ. ಅಪ್ಪ ಹಿಂದೆ ನಿದ್ದೆ. ಅವನು ಗೇರು ಹಿಡ್ಕೊಂಡಿದಾನೆ. ಅವಳು ಕ್ಲಚ್ ಒತ್ತಿ ಅಂತಾಳೆ."

"ಅದಕ್ಕೂ ಮೊದಲು?"

"ಮೊದಲೇನೂ ಇಲ್ಲ."

"ಅವಳ ಮುಖ?"

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತಿತು. ಇಲ್ಲಿ ಅಕ್ಕನಿಗೆ ಬಾಗಿಲು ತೆರೆದೇ ಇತ್ತು. ಮರೆತೆ ಎನ್ನಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. "ಅವಳ ಮುಖ ಸರಿಯಾಗಿ ಕಾಣಲ್ಲ ಅಲ್ಲಿ," ಎಂದಳು.

"ಅವನು ಬೇರೆ ಥರ ಹೇಳಿದ." ತಂಗಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಅವನ ಅಂಗಡಿಗೆ ಹೋಗಿದ್ದೆ. ಆ ಸಿನಿಮಾದವಳ ಹಾಗೆ ನಾನು ಪೆದ್ದಿ ಆಗಲ್ಲ, ನಿನ್ನ ಸಹವಾಸ ಸಾಕು ಅಂದೆ. ಅವನೂ ಆ ಸಿನಿಮಾ ನೋಡಿದಾನೆ. 'ಯಾವ ಪೆದ್ದಿ? ಅವಳಿಗೆ ಮೊದಲೇ ಗೊತ್ತಿತ್ತಲ್ಲ, ಕಿಟಕಿ ಕಡೆ ತಿರುಗಿ ನಗ್ತಾಳಲ್ಲ' ಅಂದ."

"ನೋಡಿದ್ಯಾ, ಅವನ ಬುದ್ಧಿ! ಭುಜದ ವಿಷಯದಲ್ಲಿ ಸುಳ್ಳು ಹೇಳಿದವನು ಇದರಲ್ಲೂ..."

"ನಾನೂ ಹಾಗೇ ಅಂದ್ಕೊಂಡೆ. ನಿನ್ನನ್ನ ಬಿಟ್ಟು ಅವನನ್ನ ಯಾಕೆ ನಂಬಲಿ? ಅದಕ್ಕೆ ಇವತ್ತು ನಮ್ಮ ವಾರ್ಡಿನ ನರ್ಸನ್ನ ಕರ್ಕೊಂಡು ಮತ್ತೆ ಆ ಸಿನಿಮಾಗೇ ಹೋಗಿದ್ದೆ. ಏನು ಹುಡುಕ್ತಿದೀನಿ ಅಂತ ಅವಳಿಗೆ ಹೇಳಲಿಲ್ಲ. ಕಂಡದ್ದನ್ನೆಲ್ಲ ಪಿಸುಗುಟ್ತಾ ಹೋಗು ಅಂದೆ. ಎರಡನೇ ಪಾಠ ಬಂತು. 'ಅಯ್ಯೋ ಕಳ್ಳಿ, ಅವನ ಕಾಲು ನೋಡಿ ನಗ್ತಿದಾಳೆ' ಅಂದ್ಳು ಅವಳು."

ಬಟ್ಟೆ ಸುಟ್ಟ ವಾಸನೆ ಮೊದಲು ಬಂದದ್ದು ತಂಗಿಗೆ. "ಪೆಟ್ಟಿಗೆ ಎತ್ತು," ಎಂದಳು. ಅಕ್ಕ ಎತ್ತಿದಳು.

"ಜಾಗ ಇರಲಿಲ್ಲ ಕಣೇ," ಎಂದಳು.

"ಇತ್ತು. ಅಪ್ಪನ ತಲೆಗೆ ಜಾಗ ಇತ್ತಲ್ಲ."

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದಕ್ಕೆ ಒಬ್ಬಳನ್ನ ಪೆದ್ದಿ ಮಾಡಿದೆ. ಆ ಥಿಯೇಟರಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದವರಿಗೆಲ್ಲ ಆ ಪೆದ್ದಿಯನ್ನೇ ಬಡಿಸಿದೆ." ಈಗ ತಂಗಿಯ ದನಿ ನಡುಗಿತು. "ಅಲ್ಲಿ ಅವಳ ದನೀಲಿ ನಗು ಇತ್ತು ಅಕ್ಕಾ. 'ಕ್ಲಚ್ ಒತ್ತಿ' ಅನ್ನುವಾಗ. ಅವತ್ತೇ ಕೇಳಿಸ್ತು ನಂಗೆ. ಇದೇನು ನಗ್ತಾ ಇದಾಳಲ್ಲ ಅಂದ್ಕೊಂಡೆ. ನೀನು ಏನೂ ಹೇಳಲಿಲ್ಲ. ನೀನು ಹೇಳಲಿಲ್ಲ ಅಂದಮೇಲೆ ಇಲ್ಲ ಅಂತ, ನನ್ನ ಕಿವೀನೇ ಸುಳ್ಳು ಮಾಡ್ಕೊಂಡೆ."

"ನಾನು ನಿನ್ನ ಸಾಕಿದವಳು."

"ಹೌದು. ಅದಕ್ಕೇ ಕೇಳ್ತಿದೀನಿ. ಇನ್ನೂ ಏನೇನು ಬಿಟ್ಟಿದೀಯ?"

"ಇಲ್ಲ. ಇದೊಂದೇ. ಆಣೆ ಮಾಡಿ ಹೇಳ್ತೀನಿ, ಇದೊಂದೇ," ಎಂದಳು ಅಕ್ಕ. ಅದು ನಿಜವಾಗಿತ್ತು. ಬಾಲ್ಯದಿಂದ ಆ ದಿನದವರೆಗೆ ಅವಳು ತಂಗಿಗೆ ತಪ್ಪು ಹೇಳಿದ್ದು ಆ ಸಿನಿಮಾ ಒಂದನ್ನೇ. ಆದರೆ ಅದು ನಿಜ ಎಂದು ತಂಗಿಗೆ ತೋರಿಸುವ ದಾರಿ ಅವಳಲ್ಲಿ ಇರಲಿಲ್ಲ. ನಂಬು ಎನ್ನುವುದನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

"ಸ್ಟುಡಿಯೋದವರಿಗೆ ಹೇಳಿ ಅದನ್ನ ಸರಿಮಾಡ್ಸು," ಎಂದಳು ತಂಗಿ, ಏಳುತ್ತ. "ನನಗೋಸ್ಕರ ಬೇಡ. ಉಳಿದವರಿಗೆ. ಅವಳಿಗೆ ಗೊತ್ತಿತ್ತು ಅಂದ್ರೆ ಅದು ಒಳ್ಳೇ ಸಿನಿಮಾನೇ. ಕೊನೇಲಿ ಹಾರ್ನ್ ಹೊಡೆಯೋದು ಮಾತ್ರ ಅಸಹ್ಯ."

ಅಕ್ಕ ಮಾರನೆಯ ದಿನ ಯಜಮಾನಿಯ ಮುಂದೆ ನಿಂತು, ಒಂದು ಸಾಲು ತಿದ್ದಬೇಕು ಎಂದಳು. ಯಜಮಾನಿ ಕಾರಣ ಕೇಳಲಿಲ್ಲ, ತನ್ನ ಕನ್ನಡಕದ ಮೇಲಿನಿಂದ ಅವಳನ್ನು ಬಹಳ ಹೊತ್ತು ನೋಡಿದಳು, ಅಷ್ಟೇ. ಇನ್ನು ಮುಂದೆ ನಿನ್ನ ಸಾಲುಗಳನ್ನು ಇನ್ನೊಬ್ಬರು ಚಿತ್ರದ ಜೊತೆ ಇಟ್ಟು ನೋಡುತ್ತಾರೆ ಎಂದು, ಹವೆಯ ಬಗ್ಗೆ ಮಾತಾಡುವ ಹಾಗೆ ಹೇಳಿದಳು. ಅಕ್ಕ ಗಾಜಿನ ಕೋಣೆಗೆ ಹೋಗಿ, 'ಅವನ ಪಾದ ಆಗಲೇ ಕ್ಲಚ್ಚಿನ ಮೇಲಿದೆ. ಅವಳು ನೋಡುತ್ತಾಳೆ, ಕಿಟಕಿಯ ಕಡೆ ತಿರುಗಿ ನಗುತ್ತಾಳೆ' ಎಂದು ಓದಿದಳು. ಸಾಲು ಸಂದಿನಲ್ಲಿ ಸಲೀಸಾಗಿ ಕೂತು, ಇನ್ನೂ ಉಸಿರಾಡಲು ಜಾಗ ಉಳಿಯಿತು.

ತಿಂಗಳ ಕೊನೆಯಲ್ಲಿ ತಂಗಿ ಕನ್ನಡಕದವನಿಗೆ ಹೂಂ ಎಂದಳು. ಅಕ್ಕನನ್ನು ಕೇಳಲಿಲ್ಲ, ತಿಳಿಸಿದಳು. ಮನೆಯಲ್ಲಿ ಜಗಳವೇನೂ ಇರಲಿಲ್ಲ. ಊಟ, ಸ್ನಾನ, ಬಸ್ಸಿನ ಹೊತ್ತು ಎಲ್ಲ ಎಂದಿನಂತೆ ನಡೆದಿತ್ತು. ಅಕ್ಕನಿಗೆ ಆ ಕನ್ನಡಕದವನ ಮೇಲೆ ಎಳ್ಳಷ್ಟೂ ಪ್ರೀತಿ ಹುಟ್ಟಿರಲಿಲ್ಲ. ಅವನ ಕಿವಿ ಈಗಲೂ ಅಗಲವಾಗಿಯೇ ಇತ್ತು, ಅವನು ಈಗಲೂ ಕಪ್ಪು ಬಸಿ ಬೀಳಿಸುತ್ತಿದ್ದ. ಆದರೆ ಮದುವೆಯ ಬಟ್ಟೆ ತರಲು ನಾನೇ ಬರುತ್ತೇನೆ ಎಂದು ಅಕ್ಕ ಹಟ ಹಿಡಿದಳು, ತಂಗಿ ಬೇಡವೆನ್ನಲಿಲ್ಲ. ಅಷ್ಟಕ್ಕೇ ಅಕ್ಕನ ಮನಸ್ಸು ಹಗುರವಾಗಿ, ಎಲ್ಲ ಮೊದಲಿನಂತಾಯಿತು ಎಂದುಕೊಂಡಳು.

ಬಟ್ಟೆಯ ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಅಂಗಡಿಯ ಹುಡುಗಿ ಒಂದಾದ ಮೇಲೊಂದು ಬಿಚ್ಚಿ ಹರಡಿದಳು. ಅಕ್ಕ ಹುರುಪಿನಿಂದ ಹೇಳುತ್ತ ಹೋದಳು: ಇದು ಕುಂಕುಮದ ಕೆಂಪು, ಕಣ್ಣಿಗೆ ಹೊಡೆಯುತ್ತದೆ; ಇದರ ಅಂಚು ಅತಿಯಾಯಿತು; ಇದನ್ನುಟ್ಟರೆ ಎದುರು ಮನೆಯ ಪರದೆಯಂತೆ ಕಾಣುತ್ತೀಯ. ತಂಗಿ ಒಂದೆರಡು ಸಲ ನಕ್ಕಳು ಕೂಡ. ಕೊನೆಗೆ ಅಕ್ಕ ಒಂದನ್ನು ಎತ್ತಿ ತಂಗಿಯ ಹೆಗಲಿಗೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ತಂಗಿ ಅಷ್ಟು ಚೆಂದ ಕಂಡದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ಇದೇ," ಎಂದಳು. "ಕಡು ನೀಲಿ. ನಿನಗೆ ಅಂತಲೇ ನೇಯ್ದ ಹಾಗಿದೆ. ತುಂಬಾ ಚೆನ್ನಾಗಿ ಕಾಣ್ತಿದೀಯ ಕಣೇ."

ತಂಗಿ ಸೆರಗಿನ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದಳು. ಆಮೇಲೆ ಮುಖವನ್ನು ಅಂಗಡಿಯ ಹುಡುಗಿಯ ಕಡೆ ತಿರುಗಿಸಿ, ಸಿಟ್ಟಿಲ್ಲದೆ, ಬಹಳ ಸಹಜವಾಗಿ ಕೇಳಿದಳು.

"ಇದು ನೀಲಿನಾ?"

"ಹೌದು ಮೇಡಂ, ನೀಲಿ," ಎಂದಳು ಅಂಗಡಿಯ ಹುಡುಗಿ.

"ಹಾಗಾದ್ರೆ ಇದನ್ನೇ ಕಟ್ಟಿ," ಎಂದಳು ತಂಗಿ.